ಮುರಿದುಬಿದ್ದ ಮನೆ ವ್ಯಾಪಾರ

ನಮ್ಮ ಪರಿಚಯದ ಗೃಹಸ್ಥರೊಬ್ಬರು ಮನೆ ಮಾರಲು ಕರಾರು ಬರೆದುಕೊಟ್ಟಿದ್ದರು. ಒಂದು ಲಕ್ಷ ಸಂಚಕಾರ, ಬಳಿಕ ನಾಲ್ಕು ಲಕ್ಷದ ಕಂತು ಕೈಸೇರಿತ್ತು. ಅದನ್ನೇ ನಂಬಿ ಬೇರೊಂದು ಮನೆಗೆ ತಾವೂ ಒಂದು ಲಕ್ಷ ಸಂಚಕಾರ ಕೊಟ್ಟಿದ್ದರು. ನೋಂದಣಿಯ ಹಿಂದಿನ ಸಂಜೆ ಕೊಳ್ಳುವವರಿಂದ ಸುದ್ದಿ ಬಂದಿತು: ಬ್ಯಾಂಕಿನ ಸಾಲ ಮಂಜೂರಾಗಲಿಲ್ಲ. ಕಟ್ಟಿಟ್ಟಿದ್ದ ಪಾತ್ರೆಪಗಡಗಳನ್ನು ಮನೆಯ ತಾಯಿ ಮರುದಿನ ಒಂದೊಂದಾಗಿ ಬಿಚ್ಚಿದರಂತೆ.

“ಐದು ಲಕ್ಷವನ್ನೂ ಇಟ್ಟುಕೊಳ್ಳೋಣ, ಕರಾರಿನಲ್ಲಿ ಬರೆದಿದೆಯಲ್ಲ” ಎಂದು ಮಗ ಹಟ ಹಿಡಿದ. ತಂದೆ ನಮ್ಮಲ್ಲಿಗೆ ಬಂದರು. ಬರೆದ ಮಾತ್ರಕ್ಕೆ ಎಲ್ಲವೂ ದಕ್ಕದು. 1872ರ ಕರಾರು ಕಾಯಿದೆಯ 74ನೆಯ ಕಲಮು ಅನುಮತಿಸುವುದು ಯುಕ್ತ ಪರಿಹಾರವನ್ನು ಮಾತ್ರ. ದೆಹಲಿಯ ಬಂಗಲೆಯೊಂದರ ವ್ಯಾಜ್ಯದಲ್ಲಿ 1963ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸಂಚಕಾರದ 1,000 ರೂಪಾಯಿಗಳನ್ನು ಮಾರುವವನಿಗೆ ಬಿಟ್ಟಿತು. ಸ್ವಾಧೀನ ಕೊಟ್ಟಾಗ ಪಡೆದ 24,000 ರೂಪಾಯಿಗಳ ಮುಟ್ಟುಗೋಲನ್ನು ಒಪ್ಪಲಿಲ್ಲ. ನ್ಯಾಯಾಲಯದ ಮಾತು ಅಂತಿರಲಿ, ಸಾಲ ಸಿಗದವನ ಮನೆಯಲ್ಲಿಯೂ ಅಂದು ಒಲೆ ಉರಿದಿರಲಾರದು.

ಆ ತಂದೆ ತಮ್ಮ ಕೈಬಿಟ್ಟ ಸಂಚಕಾರದಷ್ಟನ್ನೇ ಉಳಿಸಿಕೊಂಡು ನಾಲ್ಕು ಲಕ್ಷ ಮರಳಿಸಿದರು. ಜೊತೆಗೆ ಕರಾರು ರದ್ದಾಯಿತೆಂದು ಇಬ್ಬರ ರುಜುವಿನ ಪತ್ರವನ್ನೂ ಮಾಡಿಸಿದರು. ಓದುಗ ಬಂಧುಗಳು ಇದನ್ನು ಮರೆಯಬಾರದು. ಕರಾರು ನೋಂದಣಿಯಾಗಿದ್ದರೆ ರದ್ದತಿಯನ್ನೂ ನೋಂದಾಯಿಸಬೇಕು. ಇಲ್ಲವಾದರೆ ಋಣಭಾರ ಪತ್ರದಲ್ಲಿ ಹಳೆಯ ಕರಾರನ್ನು ಕಂಡು ಹೊಸಬರು ಹಿಂಜರಿಯುತ್ತಾರೆ. ಕರಾರು ನೆರವೇರಿಸಿಕೊಡಿರೆಂದು ದಾವೆ ಹೂಡಲು ಕಾಯಿದೆ ಮೂರು ವರ್ಷಗಳ ಅವಧಿ ಕೊಟ್ಟಿದೆ.

ಮಗನ ಮುನಿಸು ತಿಂಗಳೊಪ್ಪತ್ತು ಇದ್ದಿತು. ಮನೆ ಇನ್ನೂ ಮಾರಾಟವಾಗಿಲ್ಲ.