ಮೂತ್ರಾವರೋಧವೂ ಬೇರು-ತೊಗಟೆಗಳೂ

ಗೃಹಸ್ಥರು ಬಾಯಿಬಿಟ್ಟು ಆಡಲು ನಾಚುವ ವಿಷಯವೊಂದನ್ನು ನಾವು ಈ ತಿಂಗಳು ಎತ್ತಿಕೊಂಡಿರುವೆವು. ಪುತ್ತೂರು, ಸುಳ್ಯ, ಕಡಬದ ಸೀಮೆಯ ತೋಟದ ಮನೆಗಳಲ್ಲಿ ಅರುವತ್ತು ದಾಟಿದ ಯಜಮಾನರು ರಾತ್ರಿ ಮೂರು ನಾಲ್ಕು ಸಲ ಎದ್ದು, ಮಳೆಗೆ ಜಾರುವ ಅಂಗಳವನ್ನು ದಾಟಿ ಹೋಗಿ ಬರುವುದು ಅಪರೂಪವಲ್ಲ. ಇದು ಮನೆಯಾಕೆಗೆ ಗೊತ್ತು, ಮಕ್ಕಳಿಗೆ ಗೊತ್ತಿಲ್ಲ, ವೈದ್ಯರಿಗಂತೂ ತಿಳಿಸುವುದೇ ಇಲ್ಲ. ಪೇಟೆಗೆ ಹೋದಾಗ ಯಾರೋ ಹೇಳಿದ ಗುಳಿಗೆಯ ಡಬ್ಬಿಯೊಂದನ್ನು ಚೀಲದ ತಳದಲ್ಲಿಟ್ಟು ತರುವುದು, “ಗಿಡಮೂಲಿಕೆಯಲ್ಲವೇ, ಕೆಡುಕೇನು?” ಎಂದು ಸಮಾಧಾನಪಡುವುದು, ಇದೇ ವಾಡಿಕೆಯಾಗಿದೆ. ಈ ಸಮಾಧಾನವು ಎಷ್ಟು ಸರಿಯೆಂಬುದನ್ನು ವಿಚಾರಿಸೋಣ.

ಮೊದಲು ರೋಗದ ಸ್ವರೂಪವನ್ನು ತಿಳಿಯತಕ್ಕದ್ದು. ಪುರುಷರಲ್ಲಿ ಮೂತ್ರಾಶಯದ ಕೆಳಗೆ, ಮೂತ್ರನಾಳವನ್ನು ಬಳಸಿಕೊಂಡು ಪ್ರಾಸ್ಟೇಟ್ ಎಂಬ ಗ್ರಂಥಿಯಿದೆ. ಪ್ರಾಯದಲ್ಲಿ ಅದರ ತೂಕ ಸುಮಾರು 20 ಗ್ರಾಂ. ನಮ್ಮ ಕಡೆಯವರಿಗೆ ತಿಳಿಯುವಂತೆ ಹೇಳುವುದಾದರೆ ಒಂದು ಸಣ್ಣ ಹಣ್ಣಡಿಕೆಯ ಗಾತ್ರ. ಐವತ್ತರ ಮೇಲೆ ಇದು ಮೆಲ್ಲಮೆಲ್ಲನೆ ಬೆಳೆಯುವುದುಂಟು. ಬೆಳೆದಾಗ ನಡುವಣ ನಾಳವು ಒತ್ತಲ್ಪಟ್ಟು ಧಾರೆ ಕ್ಷೀಣವಾಗುತ್ತದೆ, ತಡೆತಡೆದು ಬರುತ್ತದೆ, ಪೂರ್ತಿಯಾಗಿ ಬರಿದಾದಂತೆ ತೋರುವುದಿಲ್ಲ. ಈ ಬೆಳವಣಿಗೆ ಅರ್ಬುದವಲ್ಲ. ಆದರೆ ಅರ್ಬುದವೂ ಇದೇ ಗ್ರಂಥಿಯಲ್ಲಿ ಹುಟ್ಟಬಹುದು. ಮೊದಮೊದಲು ಯಾವ ಚಿಹ್ನೆಯನ್ನೂ ತೋರದೆ ಇರಬಹುದು. ಮಧುಮೇಹವೂ ರಾತ್ರಿ ಏಳಿಸುತ್ತದೆ. ಅಶ್ಮರಿಯೂ ಮೂತ್ರವನ್ನು ತಡೆಯುತ್ತದೆ. ಹೊರಗಿನ ಲಕ್ಷಣ ಒಂದೇ ಆದರೂ ಒಳಗಿನ ಕಾರಣಗಳು ಹಲವು.

ನಮ್ಮ ಪೂರ್ವಿಕರಿಗೆ ಇದು ತಿಳಿಯದ ವಿಷಯವಾಗಿರಲಿಲ್ಲ. ಸುಶ್ರುತಸಂಹಿತೆಯ ಉತ್ತರತಂತ್ರದ 58ನೆಯ ಅಧ್ಯಾಯವು ಮೂತ್ರಾಘಾತಕ್ಕೇ ಮೀಸಲಾದುದು. ಅಲ್ಲಿ ಅದರ 12 ಭೇದಗಳನ್ನು ಹೇಳಿದೆ. ಅವುಗಳಲ್ಲಿ ವಾತಾಷ್ಠೀಲೆಯೆಂಬುದು ಮಲಮಾರ್ಗಕ್ಕೂ ವಸ್ತಿಗೂ ನಡುವೆ ಕಲ್ಲಿನಂತೆ ಗಟ್ಟಿಯಾಗಿ ಎದ್ದು ಮೂತ್ರವನ್ನು ತಡೆಯತಕ್ಕದ್ದು. ಇಂದಿನ ಆಯುರ್ವೇದ ಪಂಡಿತರು ಗ್ರಂಥಿಯ ವೃದ್ಧಿಯನ್ನು ಇದಕ್ಕೆ ಹೋಲಿಸುತ್ತಾರೆ. ನೆಗ್ಗಿಲು, ಪುನರ್ನವೆ, ವರುಣದ ತೊಗಟೆ ಇವು ಮೂತ್ರರೋಗಗಳಿಗೆ ಆ ಶಾಸ್ತ್ರದಲ್ಲಿ ಪ್ರಸಿದ್ಧವಾದ ದ್ರವ್ಯಗಳು. ಆದರೆ ಹನ್ನೆರಡು ಭೇದಗಳನ್ನು ಎಣಿಸಿದ ಶಾಸ್ತ್ರವು ಎಲ್ಲಕ್ಕೂ ಒಂದೇ ಗುಳಿಗೆಯನ್ನು ನುಂಗಿರಿ ಎಂದು ಹೇಳೀತೇ? ಮಾಧವಕರನು ನಿದಾನಕ್ಕಾಗಿಯೇ ಪ್ರತ್ಯೇಕ ಗ್ರಂಥವನ್ನು ರಚಿಸಿದುದೇತಕ್ಕೆ? ನಿದಾನವಿಲ್ಲದ ಚಿಕಿತ್ಸೆಯು ಶಾಸ್ತ್ರಸಮ್ಮತವೆನಿಸದು.

ಇನ್ನು ಪರದೇಶದಿಂದ ಬರುವ ಗುಳಿಗೆಗಳ ಮಾತು. ಇವುಗಳಲ್ಲಿ ಹೆಚ್ಚು ಹೆಸರಾದುದು ಸಾ ಪಾಮೆಟೊ. ಇದು ಅಮೆರಿಕದ ಫ್ಲಾರಿಡಾ ಮೊದಲಾದ ಸೀಮೆಗಳಲ್ಲಿ ಬೆಳೆಯುವ ಗಿಡ್ಡ ತಾಳೆಯ ಹಣ್ಣಿನ ಸತ್ತ್ವ. ಸಸ್ಯಶಾಸ್ತ್ರದ ಪ್ರಕಾರ ಅದು ನಮ್ಮ ಅಡಿಕೆಮರದ ಕುಲಕ್ಕೇ ಸೇರಿದುದು. ಅಡಿಕೆ ಮಾರಿದ ದುಡ್ಡಿನಿಂದ ಅಡಿಕೆಯ ದಾಯಾದಿಯನ್ನು ಕೊಳ್ಳುತ್ತಿರುವೆವೆಂದಾಯಿತು! ಕೊಳ್ಳಲಿ, ಗುಣವಿದ್ದರೆ ತಪ್ಪೇನು? ಆದರೆ ಅಮೆರಿಕದ ವೈದ್ಯರೇ ಇದನ್ನು ಒರೆಗೆ ಹಚ್ಚಿ ನೋಡಿದ್ದಾರೆ. 2006ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ 225 ಪುರುಷರಿಗೆ ಒಂದು ವರುಷ ಕಾಲ, ಕೆಲವರಿಗೆ ಈ ಸತ್ತ್ವವನ್ನೂ ಉಳಿದವರಿಗೆ ಅದರಂತೆಯೇ ಕಾಣುವ ಹುಸಿ ಗುಳಿಗೆಯನ್ನೂ ಕೊಟ್ಟರು. ಎರಡು ಪಂಗಡಗಳಿಗೂ ವ್ಯತ್ಯಾಸ ಕಾಣಲಿಲ್ಲ. 2011ರ ಇನ್ನೊಂದು ಪರೀಕ್ಷೆಯಲ್ಲಿ 369 ಮಂದಿಗೆ ಪ್ರಮಾಣವನ್ನು ಮೂರು ಪಟ್ಟಿನವರೆಗೆ ಏರಿಸಿ ನೋಡಿದರು, ಫಲವು ಅದೇ.

ಫಲವಿಲ್ಲದಿದ್ದರೂ ಕೇಡಿಲ್ಲವಷ್ಟೇ ಎನ್ನುವವರು ಮತ್ತೊಂದು ಸಂಗತಿಯನ್ನು ಕೇಳಬೇಕು. ಇದೇ ಗ್ರಂಥಿಯ ಅರ್ಬುದಕ್ಕೆಂದು ಪಿಸಿ-ಸ್ಪೆಸ್ ಎಂಬ ಎಂಟು ಮೂಲಿಕೆಗಳ ಮಿಶ್ರಣವು ಅಮೆರಿಕದಲ್ಲಿ ಮಾರಾಟವಾಗುತ್ತಿತ್ತು. ರಕ್ತವನ್ನು ತೆಳುವಾಗಿಸುವ ವಾರ್ಫರಿನ್ ಮೊದಲಾದ ಔಷಧಿಗಳು ಅದರಲ್ಲಿ ಬೆರೆತಿವೆಯೆಂದು ತಿಳಿದು 2002ರಲ್ಲಿ ಅದನ್ನು ಅಂಗಡಿಗಳಿಂದ ಹಿಂದಕ್ಕೆ ತೆಗೆದರು. ನಮ್ಮ ದೇಶದಲ್ಲಿಯೂ 1954ರ ಆಕ್ಷೇಪಾರ್ಹ ಜಾಹೀರಾತುಗಳ ಶಾಸನವು ಈ ಗ್ರಂಥಿಯ ರೋಗಗಳನ್ನು ತನ್ನ ಪಟ್ಟಿಯಲ್ಲಿ ಸೇರಿಸಿದೆ. ಅವನ್ನು ಗುಣಪಡಿಸುವೆವೆಂದು ಜಾಹೀರಾತು ಹಾಕುವುದೇ ಅಪರಾಧ. ಆಹಾರಪೂರಕವೆಂದು ಮಾರುವ ಡಬ್ಬಿಯ ಮೇಲೆ, ಇದು ಔಷಧವಾಗಿ ಬಳಸಲು ಅಲ್ಲವೆಂಬ ಮಾತು ಅಚ್ಚಾಗಿರಬೇಕು. ಕೊಳ್ಳುವವರು ಕನ್ನಡಕ ಹಾಕಿಕೊಂಡು ಅದನ್ನೋದಿದರೆ ಅರ್ಧ ಹಣ ಉಳಿದೀತು.

ಮೂಲಿಕೆಯ ವಿಷಯದಲ್ಲಿ ಎಚ್ಚರವಿರಬೇಕೆಂಬುದನ್ನು ನಮ್ಮ ತುಳುನಾಡಿಗೆ ಹೊರಗಿನವರು ಕಲಿಸಬೇಕಾಗಿಲ್ಲ. ಆಟಿಯ ಅಮಾವಾಸ್ಯೆಯಂದು ಹಾಲೆಮರದ ತೊಗಟೆಯ ಕಷಾಯವನ್ನು ಕುಡಿದು, ಮೆಂತೆಯ ಗಂಜಿಯನ್ನು ಉಣ್ಣುವ ಪದ್ಧತಿ ಈ ಸೀಮೆಯ ಮನೆಮನೆಯಲ್ಲಿದೆ. ನಸುಕಿನ ಕತ್ತಲಲ್ಲಿ ಆ ತೊಗಟೆಯನ್ನು ತರುವವರು ಮರವನ್ನು ಬಲ್ಲ ಹಿರಿಯರು. ಕೆಲವರು ಹಿಂದಿನ ಹಗಲೇ ಮರಕ್ಕೆ ಗುರುತು ಮಾಡಿ ಬರುತ್ತಾರೆ. ಏಕೆಂದರೆ ಹಾಲೆಯೆಂದು ಭ್ರಮಿಸಿ ಕಾಸರಕದ ತೊಗಟೆಯನ್ನು ತಂದರೆ ಅದು ಪ್ರಾಣಕ್ಕೇ ಮುಳುವಾಗುವ ವಿಷ. ಒಂದು ದಿನದ ಒಂದು ಲೋಟ ಕಷಾಯಕ್ಕೆ ಇಷ್ಟು ಜಾಗರೂಕತೆ ವಹಿಸುವ ನಾವು, ಯಾರು ಮಾಡಿದರೆಂದೂ ಏನು ಬೆರೆಸಿದರೆಂದೂ ತಿಳಿಯದ ಚೂರ್ಣವನ್ನು ವರುಷಗಟ್ಟಲೆ ಸೇವಿಸುವುದು ವಿವೇಕವೇ?

ಆದಕಾರಣ ಮಾಡತಕ್ಕದ್ದೇನು? ಮೊದಲು ಪರೀಕ್ಷೆ, ಅನಂತರ ಔಷಧ. ಸುಳ್ಯದ ಒಂದೇ ಪೇಟೆಯಲ್ಲಿ ಕುರುಂಜಿ ವೆಂಕಟರಮಣ ಗೌಡರು ಕಟ್ಟಿಸಿದ ಆಯುರ್ವೇದ ಮಹಾವಿದ್ಯಾಲಯವೂ ಆಧುನಿಕ ವೈದ್ಯದ ಮಹಾವಿದ್ಯಾಲಯವೂ ಇವೆ. ಯಾವ ಪದ್ಧತಿಯನ್ನು ನಂಬಿದರೂ ಪರೀಕ್ಷಿಸಿ ನೋಡುವವರ ಬಳಿಗೆ ಹೋಗಲು ದಾರಿಯುಂಟು. ಅಲ್ಲಿ ಏನನ್ನು ಸೇವಿಸುತ್ತಿರುವಿರೆಂಬುದನ್ನು, ಕಷಾಯವನ್ನೂ ಬಿಡದೆ, ಹೇಳಿರಿ. ಸಾಧ್ಯವಾದರೆ ಡಬ್ಬಿಯನ್ನೇ ಒಯ್ಯಿರಿ. ಸಂಜೆಯ ಮೇಲೆ ನೀರು, ಚಹಾ, ಕಾಫಿಗಳನ್ನು ಮಿತಗೊಳಿಸಿರಿ. ಮಳೆಗಾಲದ ಶೀತಕ್ಕೆಂದು ಅಂಗಡಿಯಿಂದ ತರುವ ಕೆಲವು ಮಾತ್ರೆಗಳು ಈ ತೊಂದರೆಯಿರುವವರ ಮೂತ್ರವನ್ನು ಪೂರ್ತಿ ಕಟ್ಟಿಹಾಕಬಲ್ಲವು, ಕೇಳದೆ ನುಂಗಬೇಡಿರಿ. ಸಿಹಿಗುಂಬಳದ ಬೀಜವನ್ನು ಹುರಿದು ತಿನ್ನುವುದರಿಂದ ಬಾಧಕವಿಲ್ಲ. ಅದನ್ನು ತಿಂಡಿಯೆಂದು ತಿನ್ನಿರಿ, ಚಿಕಿತ್ಸೆಯೆಂದಲ್ಲ. ಮೂತ್ರದಲ್ಲಿ ರಕ್ತ ಕಂಡರೆ, ಚಳಿಜ್ವರ ಕೂಡಿದರೆ, ಧಾರೆಯು ಒಮ್ಮೆಲೇ ನಿಂತರೆ ಬೆಳಗಾಗುವುದನ್ನು ಕಾಯಬಾರದು. ಕಟ್ಟಿದ ಮೂತ್ರವು ಹಿಂದಕ್ಕೊತ್ತಿ ಮೂತ್ರಪಿಂಡಗಳನ್ನು ಕೆಡಿಸಿದ ಮೇಲೆ ಪಶ್ಚಾತ್ತಾಪಪಟ್ಟು ಪ್ರಯೋಜನವಿಲ್ಲ.

ಮನೆಯಾಕೆಯರಿಗೂ ಒಂದು ಮಾತು. ಯಜಮಾನರು ರಾತ್ರಿ ಎಷ್ಟು ಸಲ ಏಳುವರೆಂಬ ಲೆಕ್ಕ ನಿಮ್ಮಲ್ಲಿದೆ. ಅವರು ಹೇಳಲು ನಾಚಿದರೆ ನೀವೇ ಮಗನಿಗೆ ಹೇಳಿರಿ. ತಲೆ ನರೆಯುವಂತೆ ಈ ಗ್ರಂಥಿಯು ಬೆಳೆಯುವುದೂ ವಯೋಧರ್ಮ. ಅದರಲ್ಲಿ ಮಾನಹಾನಿಯೇನೂ ಇಲ್ಲ.