ಕಾಲಿಗೂ ಕೆಲಸವುಂಟು

ಮನೆಯ ಮೇಜಿನ ಮೇಲೆ ಗಣಕಯಂತ್ರವನ್ನಿರಿಸಿಕೊಂಡು, ಅದರ ಪರದೆಯಲ್ಲಿ ಮೂಡುವ ಆಕಾಶದೊಳಗೆ ವಿಮಾನವನ್ನು ನಡೆಸುವ ಹವ್ಯಾಸಕ್ಕೆ ಮನಸೋತವರು, ಮೊದಲಿಗೆ ಜಾಯ್‌ಸ್ಟಿಕ್ಕೊಂದನ್ನು ಕೊಂಡು ತೃಪ್ತರಾಗಿ, ಕೆಲವು ಕಾಲದ ತರುವಾಯ ಒಂದು ಸಂದೇಹಕ್ಕೆ ಒಳಗಾಗುವುದುಂಟು: ಕಾಲುಗಳಿಂದ ಒತ್ತತಕ್ಕ ರಡ್ಡರ್ ಪೆಡಲುಗಳು ನಿಜವಾಗಿಯೂ ಆವಶ್ಯಕವೇ, ಅಥವಾ ಅವು ಉತ್ಸಾಹಿಗಳ ಕೋಣೆಯನ್ನು ಅಲಂಕರಿಸುವ ದುಬಾರಿ ಸಾಮಗ್ರಿಯೇ? ಪ್ರಶ್ನೆಯು ಸಣ್ಣದಾಗಿ ಕಂಡರೂ, ಅದಕ್ಕೆ ನಾವು ಕೊಡುವ ಉತ್ತರವು ಹಾರಾಟವನ್ನು ನಾವು ಎಷ್ಟರಮಟ್ಟಿಗೆ ತಿಳಿದುಕೊಂಡಿದ್ದೇವೆ ಎಂಬುದನ್ನು ಅವಲಂಬಿಸಿರುವುದರಿಂದ, ಅದನ್ನು ಲಘುವಾಗಿ ತಳ್ಳಿಹಾಕುವುದು ಉಚಿತವಲ್ಲ. ಹಾರುವ ವಿದ್ಯೆಯನ್ನು ಅರಿಯಬೇಕೆಂಬ ಹಂಬಲವುಳ್ಳವನಿಗೆ ಪೆಡಲುಗಳು ಆವಶ್ಯಕವೆಂದೂ, ಜಾಯ್‌ಸ್ಟಿಕ್ಕಿನ ತರುವಾಯ ಅವನು ಕೊಳ್ಳಬೇಕಾದ ಮೊದಲನೆಯ ವಸ್ತುವೇ ಅವೆಂದೂ ನನ್ನ ದೃಢವಾದ ಅಭಿಪ್ರಾಯ.

ವಿಮಾನದ ಬಾಲದಲ್ಲಿ ನೆಟ್ಟಗೆ ನಿಂತ ರೆಕ್ಕೆಯ ಹಿಂಬದಿಗೆ ಕೀಲುಗೊಂಡಿರುವ ಫಲಕವೇ ರಡ್ಡರ್. ದೋಣಿಯ ಚುಕ್ಕಾಣಿಯಂತೆ ಅದೇ ವಿಮಾನವನ್ನು ತಿರುಗಿಸುತ್ತದೆಂದು ಬಹುಮಂದಿ ಭಾವಿಸಿದ್ದಾರೆ. ವಾಸ್ತವದಲ್ಲಿ ವಿಮಾನವನ್ನು ತಿರುಗಿಸತಕ್ಕವು ಒಂದು ಪಕ್ಕಕ್ಕೆ ವಾಲಿದ ರೆಕ್ಕೆಗಳು. ಬಲಕ್ಕೆ ತಿರುಗಬೇಕೆಂದು ಚಾಲಕನು ದಂಡವನ್ನು ಬಲಕ್ಕೆ ಸರಿಸಿದಾಗ ಎಡರೆಕ್ಕೆಯ ಹಿಂಬದಿಯ ಏಲರಾನ್ ಎಂಬ ಫಲಕವು ಕೆಳಗಿಳಿದು ಆ ರೆಕ್ಕೆಯನ್ನು ಮೇಲಕ್ಕೆತ್ತುತ್ತದೆ. ಆದರೆ ಹೆಚ್ಚಿನ ಎತ್ತುಬಲವನ್ನು ಪಡೆದ ರೆಕ್ಕೆಯು ಗಾಳಿಯ ಹೆಚ್ಚಿನ ಎಳೆತಕ್ಕೂ ಗುರಿಯಾಗುವುದರಿಂದ, ಬಲಕ್ಕೆ ಹೋಗಬೇಕಾದ ಮೂತಿಯು ಮೊದಲು ಎಡಕ್ಕೆ ಹೊರಳುತ್ತದೆ. ಈ ವಿಪರೀತ ಹೊರಳನ್ನು ತಡೆಯುವುದು ರಡ್ಡರಿನ ಪ್ರಥಮ ಕರ್ತವ್ಯ. ರೈಟ್ ಸಹೋದರರು ಇದನ್ನು ಕಿಟಿ ಹಾಕಿನ ಮರಳುದಿಬ್ಬಗಳ ಬಳಿ ತಮ್ಮ ಮೈಯನ್ನೇ ಪಣಕ್ಕೊಡ್ಡಿ ಕಂಡುಕೊಂಡರು. 1902ರ ಗ್ಲೈಡರಿಗೆ ಅವರು ಮೊದಲು ಅಲುಗದ ಲಂಬಫಲಕಗಳನ್ನು ಜೋಡಿಸಿ, ಅವು ಸಾಲವೆಂದು ಕಂಡು ಚಲಿಸುವ ರಡ್ಡರನ್ನು ರಚಿಸಿ, ಅದನ್ನು ರೆಕ್ಕೆಗಳನ್ನು ತಿರುಚುವ ತಂತಿಗಳಿಗೇ ಬಂಧಿಸಿದರು. ಆ ಬಂಧನವೂ ಬಹುಕಾಲ ನಿಲ್ಲಲಿಲ್ಲ. 1905ರಲ್ಲಿ ಅವರು ರಡ್ಡರನ್ನು ಬಿಡಿಸಿ ಪ್ರತ್ಯೇಕವಾದ ಸನ್ನೆಗೋಲಿಗೆ ಒಪ್ಪಿಸಿದರು. ಆ ವರ್ಷದ ಅಕ್ಟೋಬರ್ 5ರಂದು ವಿಲ್ಬರ್ ರೈಟ್ ಸುತ್ತುಸುತ್ತಾಗಿ 39 ನಿಮಿಷ ಹಾರಿ 24 ಮೈಲಿಗಳನ್ನು ಕ್ರಮಿಸಿದನು. ರಡ್ಡರಿನ ಅಧಿಕಾರವು ಕೈಯಿಂದ ಕಾಲಿಗೆ ಬರಲು ತಡವಾಗಲಿಲ್ಲ: 1909ರ ಜುಲೈ 25ರಂದು ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿದ ಲೂಯಿ ಬ್ಲೇರಿಯೋನ ವಿಮಾನದಲ್ಲಿ ಕೈಗೊಂದು ದಂಡವೂ ಕಾಲಿಗೊಂದು ಅಡ್ಡಪಟ್ಟಿಯೂ ಇದ್ದುವು. ಎಡ್ವಿನ್ ಲಿಂಕ್ ತನ್ನ ತಂದೆಯ ಆರ್ಗನ್ ಕಾರ್ಖಾನೆಯ ತಿದಿಗಳ ವಿದ್ಯೆಯಿಂದ 1929ರಲ್ಲಿ ನಿರ್ಮಿಸಿದ, ನೆಲವನ್ನು ಬಿಟ್ಟು ಮೇಲೇಳದ ಆ ಪ್ರಸಿದ್ಧ ತರಬೇತಿಯಂತ್ರವೂ ಶಿಷ್ಯನ ಕಾಲಿಗೆ ಪೆಡಲುಗಳನ್ನು ಒದಗಿಸಿತ್ತು.

ಇಂದಿನ ಸಿಮ್ಯುಲೇಟರುಗಳು ಪೆಡಲಿಲ್ಲದವನ ಅನುಕೂಲಕ್ಕಾಗಿ ಆಟೋ ರಡ್ಡರ್ ಎಂಬ ಒಂದು ಏರ್ಪಾಡನ್ನು ಮಾಡಿವೆ. ದಂಡವನ್ನು ಎಡಕ್ಕೆ ಸರಿಸಿದರೆ ರಡ್ಡರು ತಾನಾಗಿ ಎಡಕ್ಕೆ, ಬಲಕ್ಕೆ ಸರಿಸಿದರೆ ಬಲಕ್ಕೆ ತಿರುಗುತ್ತದೆ. ಅಂದರೆ ರೈಟ್ ಸಹೋದರರು 1905ರಲ್ಲಿ ಬಿಚ್ಚಿದ ಗಂಟನ್ನು ಗಣಕವು ಮತ್ತೆ ಹಾಕುತ್ತದೆ. ಹೀಗೆ ಬಂಧಿಸಿದ ನಿಜವಾದ ವಿಮಾನವೂ ಇತ್ತಲ್ಲವೇ ಎಂದು ಬಲ್ಲವರು ಕೇಳಬಹುದು. ಇತ್ತು, ಫ್ರೆಡ್ ವೀಕ್ ಎಂಬ ಅಮೆರಿಕದ ಶಿಲ್ಪಿಯು ರೂಪಿಸಿ, 1940ರಲ್ಲಿ ಸರ್ಕಾರದ ಪ್ರಮಾಣಪತ್ರವನ್ನು ಪಡೆದ ಎರ್ಕೂಪ್ ವಿಮಾನವು ಪೆಡಲುಗಳಿಲ್ಲದೆಯೇ ಐದು ಸಾವಿರಕ್ಕೂ ಮೀರಿದ ಸಂಖ್ಯೆಯಲ್ಲಿ ತಯಾರಾಯಿತು. ಆದರೆ ಪೆಡಲುಗಳನ್ನು ತೆಗೆಯಬೇಕಾದರೆ ಆ ಮಹಾನುಭಾವನು ಇಂಜಿನ್ನನ್ನು ಓರೆಯಾಗಿ ಕೂರಿಸಬೇಕಾಯಿತು, ಮೂತಿಯನ್ನು ಮೇಲೆಕೆಳಗೆ ಮಾಡುವ ಎಲಿವೇಟರಿನ ಚಲನೆಗೆ ಮಿತಿಯನ್ನು ಹಾಕಬೇಕಾಯಿತು, ಬಾಲದ ರೆಕ್ಕೆಯನ್ನು ಎರಡಾಗಿ ಮಾಡಿ ಪ್ರೊಪೆಲ್ಲರಿನ ಗಾಳಿಯಿಂದ ದೂರವಿರಿಸಬೇಕಾಯಿತು, ಓರೆಯಾಗಿ ನೆಲಕ್ಕೆ ತಾಗಿದರೂ ಸಹಿಸಿಕೊಳ್ಳುವ ಗಟ್ಟಿಗಾಲಿಗಳನ್ನು ಕೊಡಬೇಕಾಯಿತು. ಸೆಸ್ನಾ 172 ಅಂತಹ ವಿಮಾನವಲ್ಲ. ಮನೆಯಲ್ಲಿ ಕಲಿಯುವವರು ನಡೆಸುವ ಚಿಕ್ಕ ವಿಮಾನಗಳಲ್ಲಿ ಬಹುತೇಕ ಯಾವುದೂ ಅಂತಹುದಲ್ಲ.

ಪೆಡಲಿನ ಮಹತ್ತ್ವವನ್ನು ಸಂಶಯಕ್ಕೆಡೆಯಿಲ್ಲದಂತೆ ತೋರಿಸುವ ಸಂದರ್ಭವು ಅಡ್ಡಗಾಳಿಯಲ್ಲಿ ಇಳಿಯುವ ಸಂದರ್ಭ. ಎಡದಿಂದ ಗಾಳಿ ಬೀಸುತ್ತಿದ್ದಾಗ ಚಾಲಕನು ಮೂತಿಯನ್ನು ಸ್ವಲ್ಪ ಎಡಕ್ಕಿಟ್ಟುಕೊಂಡು ರನ್‌ವೇಯ ಕಡೆಗೆ ಬರುತ್ತಾನೆ. ಹಾಗೆಯೇ ಓರೆಯಾಗಿ ನೆಲವನ್ನು ಮುಟ್ಟಿದರೆ ಗಾಲಿಗಳ ಮೇಲೆ ಅಡ್ಡವಾದ ಭಾರವು ಬಿದ್ದು ಅಪಾಯವಾಗುವುದರಿಂದ, ನೆಲವು ಸಮೀಪಿಸಿದಾಗ ಬಲಗಾಲನ್ನೊತ್ತಿ ಮೂತಿಯನ್ನು ರನ್‌ವೇಗೆ ನೇರವಾಗಿಸಿ, ಅದೇ ಗಳಿಗೆಯಲ್ಲಿ ಗಾಳಿಯು ವಿಮಾನವನ್ನು ಬಲಕ್ಕೆ ಕೊಂಡೊಯ್ಯದಂತೆ ಕೈಯ ದಂಡವನ್ನು ಎಡಕ್ಕೆ ಹಿಡಿದು ಎಡರೆಕ್ಕೆಯನ್ನು ತಗ್ಗಿಸಬೇಕು. ಕೈ ಎಡಕ್ಕೆ, ಕಾಲು ಬಲಕ್ಕೆ. ಇಲ್ಲಿ ಆಟೋ ರಡ್ಡರ್ ಏನು ಮಾಡುತ್ತದೆ? ದಂಡವು ಎಡಕ್ಕೆ ಸರಿದೊಡನೆ ರಡ್ಡರನ್ನೂ ಎಡಕ್ಕೇ ತಿರುಗಿಸಿ, ಬೇಕಾದುದಕ್ಕೆ ನೇರವಾಗಿ ವಿರುದ್ಧವಾದುದನ್ನು ಮಾಡುತ್ತದೆ. ಎತ್ತರ ಹೆಚ್ಚಾದಾಗ ವೇಗವನ್ನು ಏರಗೊಡದೆ ವಿಮಾನವನ್ನು ಪಕ್ಕಕ್ಕೆ ಜಾರಿಸಿ ಇಳಿಸುವ ಸ್ಲಿಪ್ ಎಂಬ ಉಪಾಯಕ್ಕೂ ಇದೇ ಗತಿ. ಕೈಕಾಲುಗಳು ಒಂದನ್ನೊಂದು ಎದುರಿಸಿ ಕೆಲಸ ಮಾಡಬೇಕಾದ ಸಮಯದಲ್ಲಿ ಅವೆರಡನ್ನೂ ಒಂದೇ ಹಗ್ಗಕ್ಕೆ ಕಟ್ಟಿದವನು ಅಡ್ಡಗಾಳಿಯನ್ನು ಗೆಲ್ಲುವುದನ್ನು ಎಂದಿಗೂ ಕಲಿಯಲಾರನು.

ಟೇಕಾಫಿನ ಮಾತೂ ಹಾಗೆಯೇ. ಕಾಕ್‌ಪಿಟ್ಟಿನಿಂದ ನೋಡಿದಾಗ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗುವ ಪ್ರೊಪೆಲ್ಲರುಳ್ಳ ವಿಮಾನವು ಪೂರ್ಣಶಕ್ತಿಯಲ್ಲಿ ಓಡುವಾಗ ಎಡಕ್ಕೆ ಎಳೆಯುತ್ತದೆ. ಅದನ್ನು ನೇರವಾಗಿಡುವುದು ಬಲಗಾಲು. ಬಾಲದಲ್ಲಿ ಗಾಲಿಯುಳ್ಳ ವಿಮಾನಗಳಲ್ಲಂತೂ ಭಾರಕೇಂದ್ರವು ಮುಖ್ಯ ಗಾಲಿಗಳ ಹಿಂದೆ ಇರುವುದರಿಂದ, ಒಮ್ಮೆ ಪ್ರಾರಂಭವಾದ ಹೊರಳು ತಾನಾಗಿ ಬೆಳೆದು, ಕಾಲು ಎಚ್ಚರವಾಗಿಲ್ಲದಿದ್ದರೆ ವಿಮಾನವು ನೆಲದ ಮೇಲೆಯೇ ಗಿರಕಿ ಹೊಡೆಯುತ್ತದೆ. ನಮ್ಮ ಬೆಂಗಳೂರಿನ ಹಿಂದುಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ವಿ. ಎಂ. ಘಾಟಗೆಯವರು ರೂಪಿಸಿ, 1951ರ ಆಗಸ್ಟಿನಲ್ಲಿ ಮೊದಲ ಸಲ ಹಾರಿದ ಎಚ್‌ಟಿ-2 ಈ ಜಾತಿಯ ವಿಮಾನ. ಭಾರತೀಯ ವಾಯುಪಡೆಯ ಅನೇಕ ಚಾಲಕರು ಹಾರಾಟದ ಮೊದಲ ಪಾಠಗಳನ್ನು ಅದರಲ್ಲಿಯೇ ಕಲಿತರು. ನೀಳರೆಕ್ಕೆಗಳ ಗ್ಲೈಡರಿಗೂ, ಬಾಲದ ರೋಟರನ್ನು ಕಾಲಿನಿಂದಲೇ ಆಳಬೇಕಾದ ಹೆಲಿಕಾಪ್ಟರಿಗೂ ಪೆಡಲು ಬೇಕೆಂಬುದು ಚರ್ಚೆಗೆ ಮೀರಿದ ಮಾತು.

ದೊಡ್ಡ ಜೆಟ್ ವಿಮಾನಗಳ ವಿಷಯ ಬೇರೆ. ಅಲ್ಲಿ ಯಾ ಡ್ಯಾಂಪರ್ ಎಂಬ ಯಂತ್ರವು ಆಕಾಶದಲ್ಲಿ ಕಾಲಿನ ಕೆಲಸವನ್ನು ವಹಿಸಿಕೊಳ್ಳುವುದರಿಂದ, ಟೇಕಾಫ್, ಅಡ್ಡಗಾಳಿಯ ಇಳಿತ, ಒಂದು ಇಂಜಿನ್ನಿನ ವೈಫಲ್ಯ ಇಂತಹ ಸಂದರ್ಭಗಳನ್ನುಳಿದು ಚಾಲಕನ ಪಾದಗಳು ಸುಮ್ಮನಿರುತ್ತವೆ, ಸುಮ್ಮನಿರಲೂಬೇಕು. 2001ರ ನವೆಂಬರ್ 12ರಂದು ನ್ಯೂಯಾರ್ಕಿನಿಂದ ಹೊರಟ ಅಮೆರಿಕನ್ ಏರ್‌ಲೈನ್ಸಿನ 587ನೆಯ ವಿಮಾನವು ಮುಂದೆ ಹೋದ ಬೋಯಿಂಗ್ 747 ಎಬ್ಬಿಸಿದ ಸುಳಿಗಾಳಿಗೆ ಸಿಲುಕಿದಾಗ, ಸಹಚಾಲಕನು ಪೆಡಲುಗಳನ್ನು ಎಡಬಲವಾಗಿ ಮತ್ತೆ ಮತ್ತೆ ಅತಿಯಾಗಿ ಒತ್ತಿದುದರಿಂದ ಬಾಲದ ಲಂಬರೆಕ್ಕೆಯೇ ಕಳಚಿ, ನೆಲದ ಮೇಲಿದ್ದ ಐವರೂ ಸೇರಿ 265 ಮಂದಿ ಮಡಿದರು. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆಯು, ಆ ವಿಮಾನದ ರಡ್ಡರ್ ವ್ಯವಸ್ಥೆಯ ಸ್ವಭಾವದೊಡನೆ ಚಾಲಕರಿಗೆ ಕೊಟ್ಟ ತರಬೇತಿಯ ಕೆಲವು ಅಂಶಗಳನ್ನೂ ಈ ದುರಂತಕ್ಕೆ ಸಹಾಯಕವಾದ ಕಾರಣಗಳೆಂದು ಎಣಿಸಿತು. ಸಿಮ್ಯುಲೇಟರಿನಲ್ಲಿ ಮಾಡಿಸಿದ ಒಂದು ಅಭ್ಯಾಸವು ಸುಳಿಗಾಳಿಯ ಪರಿಣಾಮವನ್ನು ಕುರಿತು ಉತ್ಪ್ರೇಕ್ಷೆಯ ಕಲ್ಪನೆಯನ್ನು ಆ ಸಹಚಾಲಕನಲ್ಲಿ ಬೆಳೆಸಿರಬಹುದೆಂದೂ ಹೇಳಿತು.

ಈ ಪ್ರಸಂಗವನ್ನೇ ಆಧಾರವಾಗಿಟ್ಟುಕೊಂಡು ಕೆಲವರು ವಾದಿಸಬಹುದು: ವೃತ್ತಿಚಾಲಕರ ಸಿಮ್ಯುಲೇಟರೇ ಕಾಲಿಗೆ ತಪ್ಪುಪಾಠವನ್ನು ಕಲಿಸಬಹುದಾದರೆ, ಗಾಳಿಯ ಒತ್ತಡವನ್ನಾಗಲಿ ಮೈ ಪಕ್ಕಕ್ಕೆ ಜಾರುವ ಅನುಭವವನ್ನಾಗಲಿ ಕೊಡಲಾರದ ಮನೆಯ ಪೆಡಲು ಇನ್ನೇನನ್ನು ಕಲಿಸೀತು? ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ಕುರ್ಚಿಯಲ್ಲಿ ಕುಳಿತವನ ಶರೀರವು ಅವನಿಗೆ ಏನನ್ನೂ ಹೇಳುವುದಿಲ್ಲ. ಆದುದರಿಂದಲೇ ಅವನು ಉಪಕರಣಫಲಕದ ಬಾಗುಗೊಳವೆಯಲ್ಲಿ ಸರಿದಾಡುವ ಪುಟ್ಟ ಗುಂಡಿನ ಮೇಲೆ ಕಣ್ಣಿಟ್ಟು, ಅದು ಸರಿದ ಕಡೆಯ ಕಾಲನ್ನು ಮೃದುವಾಗಿ ಒತ್ತಿ ಅದನ್ನು ನಡುವಿಗೆ ತರುವ ಅಭ್ಯಾಸವನ್ನು ಬೆಳೆಸಿಕೊಳ್ಳಬೇಕು. ಸ್ಟಾಲಿನ, ಎಂದರೆ ರೆಕ್ಕೆಯು ಎತ್ತುಬಲವನ್ನು ಕಳೆದುಕೊಳ್ಳುವ ಸ್ಥಿತಿಯ, ಅಂಚಿನಲ್ಲಿರುವ ವಿಮಾನವು ಸುತ್ತುತ್ತ ಕುಸಿಯುವ ಸ್ಪಿನ್ನಿಗೆ ಬೀಳುವುದು ಆ ಗುಂಡನ್ನು ಅಲಕ್ಷಿಸಿದಾಗ; ನೆಲಕ್ಕೆ ಸಮೀಪವಾದ ಕೊನೆಯ ತಿರುವಿನಲ್ಲಿ ಹಾಗಾದರೆ ಚೇತರಿಸಿಕೊಳ್ಳಲು ಎತ್ತರವೇ ಉಳಿದಿರುವುದಿಲ್ಲ. ಕಾಲು ತಪ್ಪುಪಾಠವನ್ನು ಕಲಿತೀತೆಂಬ ಭಯಕ್ಕೆ ಸರಿಯಾದ ಪಾಠವು ಪರಿಹಾರವೇ ಹೊರತು, ಪಾಠವನ್ನೇ ಬಿಡುವುದು ಪರಿಹಾರವಲ್ಲ.

ಹಿಡಿಯನ್ನೇ ತಿರುಚಿ ರಡ್ಡರನ್ನು ನಡೆಸುವ ಜಾಯ್‌ಸ್ಟಿಕ್ಕುಗಳುಂಟು; ಆಟೋ ರಡ್ಡರಿಗಿಂತ ಅವು ಎಷ್ಟೋ ಮೇಲು, ಹಣವಿಲ್ಲದವನು ಅವುಗಳಿಂದ ಪ್ರಾರಂಭಿಸುವುದು ತಪ್ಪಲ್ಲ. ಆದರೆ ಮಣಿಕಟ್ಟನ್ನು ತಿರುಚಿದಾಗ ದಂಡವೂ ಅರಿಯದೆ ಪಕ್ಕಕ್ಕೆ ವಾಲುತ್ತದೆ. ಮೇಲಾಗಿ ಪಾದದ ತುದಿಯಿಂದ ಎಡಬಲ ಬ್ರೇಕುಗಳನ್ನು ಬೇರೆಬೇರೆಯಾಗಿ ಹಿಡಿಯುವ ಸೌಕರ್ಯವು ಅಲ್ಲಿ ದೊರೆಯದು. ಆಟೋಪೈಲಟ್ಟಿಗೆ ಒಪ್ಪಿಸಿ ದೇಶಾಂತರಗಳ ನೋಟವನ್ನು ಸವಿಯುವುದಷ್ಟೇ ಉದ್ದೇಶವಾಗಿದ್ದವರು ಪೆಡಲಿಗಾಗಿ ಹಣವನ್ನು ವೆಚ್ಚಮಾಡುವ ಆವಶ್ಯಕತೆಯಿಲ್ಲ. ಅದೂ ಗೌರವಾರ್ಹವಾದ ಸಂತೋಷವೇ. ಮಿಕ್ಕವರಲ್ಲಿ, ಅದರಲ್ಲಿಯೂ ಮುಂದೆ ಫ್ಲೈಯಿಂಗ್ ಕ್ಲಬ್ಬಿನ ಮೆಟ್ಟಿಲನ್ನು ಹತ್ತುವ ಆಸೆಯುಳ್ಳ ತರುಣತರುಣಿಯರಲ್ಲಿ ನನ್ನ ವಿಜ್ಞಾಪನೆಯಿಷ್ಟು: ಎರಡನೆಯ ಪರದೆಯನ್ನೂ ಹೊಳೆಯುವ ಗುಂಡಿಗಳ ಫಲಕವನ್ನೂ ಕೊಳ್ಳುವುದಕ್ಕೆ ಮುಂಚೆ ಪೆಡಲುಗಳನ್ನು ಕೊಳ್ಳಿರಿ, ಬಳಸಿದವಾದರೂ ಚಿಂತೆಯಿಲ್ಲ, ಒತ್ತಿದಾಗ ಹಿಂದಕ್ಕೆ ಸರಿಯದಂತೆ ಗಾಲಿಯಿಲ್ಲದ ಕುರ್ಚಿಯಲ್ಲಿ ಕುಳಿತುಕೊಳ್ಳಿರಿ, ಮೊದಲನೆಯ ದಿನವೇ ಆಟೋ ರಡ್ಡರನ್ನು ನಿಲ್ಲಿಸಿಬಿಡಿರಿ.