ಮೊದಲು ಖಾತೆ, ಆಮೇಲೆ ನಿಧಿ

ಕನ್ನಡ ಸಂಘವೊಂದರ ರಾಜ್ಯೋತ್ಸವ ಸಂಚಿಕೆಯ ಸಂಪಾದಕೀಯದಲ್ಲಿ ಹಣದ ವಿಚಾರ ಬರುವುದು ಅಪರೂಪ. ಭಾಷೆ, ನಾಟಕ, ಮಕ್ಕಳ ಕನ್ನಡ ಕಲಿಕೆ ಇವೇ ಅಲ್ಲಿ ವರ್ಷವರ್ಷವೂ ಸಲ್ಲುವ ವಿಷಯಗಳು. ಈ ಬಾರಿ ಆ ರೂಢಿಯನ್ನು ಬದಿಗಿರಿಸಿರುವುದಕ್ಕೆ ವಲಸೆಯ ಬದುಕಿಗೇ ಸೇರಿದ ಒಂದು ಕಾರಣವಿದೆ. ಕೆನಡಾ ಸರ್ಕಾರದ ವೃದ್ಧಾಪ್ಯ ಪಿಂಚಣಿ ಪೂರ್ಣವಾಗಿ ಸಿಗಬೇಕಾದರೆ 18ನೆಯ ವಯಸ್ಸಿನ ನಂತರ 40 ವರ್ಷ ಈ ದೇಶದಲ್ಲಿ ವಾಸವಾಗಿರಬೇಕು. 35ನೆಯ ವಯಸ್ಸಿನಲ್ಲಿ ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಬಂದಿಳಿದವರಿಗೆ 65ರ ಹೊತ್ತಿಗೆ ಅದರ ಮುಕ್ಕಾಲು ಪಾಲಷ್ಟೇ ದೊರೆಯುತ್ತದೆ. ಉಳಿದುದನ್ನು ಸ್ವಂತ ಉಳಿತಾಯದಿಂದ ತುಂಬಿಕೊಳ್ಳಬೇಕಾದ ಈ ಕುಟುಂಬಗಳಲ್ಲಿ ಇತ್ತೀಚೆಗೆ ಹೆಚ್ಚಾಗಿ ಕೇಳಿಬರುತ್ತಿರುವ ಪ್ರಶ್ನೆ, ಯಾವ ಇಟಿಎಫ್ ಕೊಳ್ಳಬೇಕು ಎಂಬುದು. ಪ್ರಶ್ನೆ ಸಾಧುವಾದದ್ದೇ, ಆದರೆ ಅದು ಎರಡನೆಯ ಪ್ರಶ್ನೆ, ಮೊದಲನೆಯದು ಬೇರೆ ಇದೆ ಎಂಬುದು ಈ ಸಂಪಾದಕೀಯದ ನಿಲುವು.

ಇಟಿಎಫ್ ಎಂದರೆ ಷೇರು ವಿನಿಮಯ ಕೇಂದ್ರದಲ್ಲಿ ಷೇರಿನಂತೆಯೇ ದಿನವಿಡೀ ಕೊಂಡು ಮಾರಬಹುದಾದ ಹೂಡಿಕೆ ನಿಧಿ. ಅನೇಕ ಕಂಪನಿಗಳ ಷೇರುಗಳನ್ನೋ ಸಾಲಪತ್ರಗಳನ್ನೋ ಒಟ್ಟಿಗೆ ಹಿಡಿದಿಟ್ಟುಕೊಂಡು, ಆ ಒಟ್ಟು ಆಸ್ತಿಯ ಸಣ್ಣ ಸಣ್ಣ ಪಾಲುಗಳನ್ನು ಯೂನಿಟ್‌ಗಳ ರೂಪದಲ್ಲಿ ಮಾರಾಟಕ್ಕಿಡುವುದು ಇದರ ಕ್ರಮ. ಇವುಗಳಲ್ಲಿ ಹೆಸರುವಾಸಿಯಾದವು ಸೂಚ್ಯಂಕ ನಿಧಿಗಳು, ಅಂದರೆ ಒಂದು ಮಾರುಕಟ್ಟೆಯ ಕಂಪನಿಗಳನ್ನು ಅವುಗಳ ಗಾತ್ರಕ್ಕೆ ತಕ್ಕ ಪ್ರಮಾಣದಲ್ಲಿ ಯಥಾವತ್ತಾಗಿ ಹಿಡಿದಿಡುವ, ಯಾವುದು ಏರೀತು ಯಾವುದು ಇಳಿದೀತು ಎಂದು ಊಹಿಸುವ ಗೋಜಿಗೆ ಹೋಗದ ನಿಧಿಗಳು. ಇಟಿಎಫ್ ಅಮೆರಿಕದ ಕೊಡುಗೆ ಎಂಬ ನಂಬಿಕೆ ವ್ಯಾಪಕವಾಗಿದ್ದರೂ ಅದರ ತವರು ಟೊರೊಂಟೊ: 1990ರ ಮಾರ್ಚ್‌ನಲ್ಲಿ ಅಲ್ಲಿನ ವಿನಿಮಯ ಕೇಂದ್ರವು 35 ದೊಡ್ಡ ಕಂಪನಿಗಳ ಸೂಚ್ಯಂಕವನ್ನು ಅನುಸರಿಸುವ ಯೂನಿಟ್‌ಗಳನ್ನು ಹೊರತಂದಾಗ ನ್ಯೂಯಾರ್ಕಿನ ಪ್ರಸಿದ್ಧ ಎಸ್ ಅಂಡ್ ಪಿ 500 ನಿಧಿ ಹುಟ್ಟಲು ಇನ್ನೂ ಸುಮಾರು ಮೂರು ವರ್ಷಗಳಿದ್ದವು.

ಸೂಚ್ಯಂಕವನ್ನು ಅನುಸರಿಸುವುದು ಸುಲಭವೆಂದು ಕಂಡರೂ ಯಾವ ಸೂಚ್ಯಂಕ ಎಂಬುದನ್ನು ಕಡೆಗಣಿಸಲಾಗದು ಎಂಬುದಕ್ಕೆ ಕೆನಡಾದ ಇತಿಹಾಸವೇ ಸಾಕ್ಷಿ. 2000ದ ಬೇಸಿಗೆಯಲ್ಲಿ ದೂರಸಂಪರ್ಕ ಉಪಕರಣಗಳ ತಯಾರಕ ನಾರ್ಟೆಲ್ ಕಂಪನಿಯೊಂದೇ ಆಗಿನ ಟೊರೊಂಟೊ 300 ಸೂಚ್ಯಂಕದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ಆಕ್ರಮಿಸಿಕೊಂಡಿತ್ತು. ಆದ್ದರಿಂದ ಇಡೀ ದೇಶವನ್ನೇ ಕೊಂಡಿದ್ದೇವೆ ಎಂದುಕೊಂಡವರು ಹೂಡಿದ ಪ್ರತಿ ಮೂರು ಡಾಲರ್‌ನಲ್ಲಿ ಒಂದಕ್ಕೂ ಮಿಕ್ಕಿದ ಹಣ ಒಂದೇ ಕಂಪನಿಯಲ್ಲಿತ್ತು. 120 ಡಾಲರ್ ದಾಟಿದ್ದ ಆ ಷೇರು ಎರಡು ವರ್ಷಗಳಲ್ಲಿ ಒಂದು ಡಾಲರಿಗಿಂತ ಕೆಳಗಿಳಿಯಿತು, 2009ರ ಜನವರಿಯಲ್ಲಿ ಕಂಪನಿ ದಿವಾಳಿ ರಕ್ಷಣೆಗೆ ಮೊರೆಹೋಯಿತು. ಒಂದೇ ಕಂಪನಿಯ ಇಂಥ ಪ್ರಾಬಲ್ಯಕ್ಕೆ ಪ್ರತಿಯಾಗಿ ಯಾವ ಒಂದು ಕಂಪನಿಯೂ ಶೇಕಡಾ 10ನ್ನು ಮೀರದಂತೆ ಮಿತಿ ಹೇರಿದ ಸೂಚ್ಯಂಕಗಳು ಬಳಕೆಗೆ ಬಂದವು. ಇಂದು ಐಶೇರ್ಸ್ ಸಂಸ್ಥೆಯ ಎಕ್ಸ್‌ಐಸಿ ನಿಧಿ ಅಂಥ ಮಿತಿಯುಳ್ಳ ವಿಸ್ತಾರವಾದ ಸೂಚ್ಯಂಕವನ್ನು ಅನುಸರಿಸುತ್ತದೆ. ಅದೇ ಸಂಸ್ಥೆಯ ಹಳೆಯ ಹಾಗೂ ಹೆಚ್ಚು ಪರಿಚಿತವಾದ ಎಕ್ಸ್‌ಐಯು 60 ದೊಡ್ಡ ಕಂಪನಿಗಳನ್ನಷ್ಟೇ ಹಿಡಿದಿದ್ದು, ಅದಕ್ಕೆ ಆ ಮಿತಿಯಿಲ್ಲ, ವೆಚ್ಚವೂ ಸುಮಾರು ಮೂರು ಪಟ್ಟು. ಹೆಸರು ಹಳೆಯದೆಂಬ ಕಾರಣಕ್ಕೆ ದುಬಾರಿಯಾದುದನ್ನು ಆರಿಸುವುದರಲ್ಲಿ ಅರ್ಥವಿಲ್ಲ.

ವೆಚ್ಚದ ಮಾತು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಬರಬೇಕು. ನಿಧಿಯ ಒಟ್ಟು ಆಸ್ತಿಯಲ್ಲಿ ನಿರ್ವಹಣೆ, ತೆರಿಗೆ, ಇತರ ಖರ್ಚುಗಳಿಗಾಗಿ ವರ್ಷಕ್ಕೆ ಎಷ್ಟು ಪಾಲು ಕಡಿತವಾಗುತ್ತದೆ ಎಂಬುದನ್ನು ಹೇಳುವ ಅಂಕಿಯನ್ನು ನಿರ್ವಹಣಾ ವೆಚ್ಚ ಅನುಪಾತ, ಬಳಕೆಯ ಮಾತಿನಲ್ಲಿ ಎಂಇಆರ್, ಎನ್ನುತ್ತಾರೆ. ಈ ಹಣಕ್ಕೆ ಬಿಲ್ಲು ಬರುವುದಿಲ್ಲ, ಖಾತೆಯಿಂದ ಹೋದದ್ದು ಕಾಣುವುದೂ ಇಲ್ಲ. ದಿನದಿನವೂ ನಿಧಿಯ ಮೌಲ್ಯದಿಂದಲೇ ಅದು ಸದ್ದಿಲ್ಲದೆ ಕಳೆದುಹೋಗುತ್ತದೆ. ಬ್ಯಾಂಕ್ ಶಾಖೆಗಳಲ್ಲಿ ಮಾರುವ ಷೇರು ಮ್ಯೂಚುವಲ್ ಫಂಡ್‌ಗಳಲ್ಲಿ ಅನೇಕವು ಇಂದಿಗೂ ಶೇಕಡಾ 2ರ ಆಸುಪಾಸಿನಲ್ಲಿದ್ದರೆ, ವಿಶಾಲ ಮಾರುಕಟ್ಟೆಯ ಇಟಿಎಫ್‌ಗಳು ಶೇಕಡಾ 0.05ರಿಂದ 0.20ರೊಳಗೆ ಸಿಗುತ್ತವೆ. ವೆಚ್ಚಕ್ಕೆ ಮುನ್ನ ವರ್ಷಕ್ಕೆ ಶೇಕಡಾ 6ರಂತೆ ಬೆಳೆಯುತ್ತದೆಂದು ಇಟ್ಟುಕೊಂಡರೆ, 1 ಲಕ್ಷ ಡಾಲರ್ 25 ವರ್ಷಗಳಲ್ಲಿ ಶೇಕಡಾ 0.20ರ ನಿಧಿಯಲ್ಲಿ ಸುಮಾರು 4 ಲಕ್ಷ 9 ಸಾವಿರವಾಗುತ್ತದೆ, ಶೇಕಡಾ 2ರ ನಿಧಿಯಲ್ಲಿ 2 ಲಕ್ಷ 67 ಸಾವಿರದಷ್ಟೇ ಆಗುತ್ತದೆ. ಮೂಲಧನಕ್ಕಿಂತ ಹೆಚ್ಚಾದ ಈ ವ್ಯತ್ಯಾಸಕ್ಕೆ ಪ್ರತಿಯಾಗಿ ಸಿಗುವ ಸಲಹೆಯ ಬೆಲೆ ಎಷ್ಟೆಂದು ಪ್ರತಿಯೊಂದು ಕುಟುಂಬವೂ ಕೇಳಿಕೊಳ್ಳಬೇಕಾಗಿದೆ.

ಹಾಗೆಂದು ಅಗ್ಗದ ಹತ್ತು ನಿಧಿಗಳನ್ನು ಪೇರಿಸಿಕೊಂಡರೆ ಹತ್ತು ಪಟ್ಟು ಸುರಕ್ಷತೆ ಬರುವುದಿಲ್ಲ. ಅಮೆರಿಕದ ಎಸ್ ಅಂಡ್ ಪಿ 500 ನಿಧಿ, ನಾಸ್ಡಾಕ್ ನಿಧಿ, ತಂತ್ರಜ್ಞಾನ ನಿಧಿ ಮೂರನ್ನೂ ಹಿಡಿದವರು ಒಂದೇ ಏಳೆಂಟು ದೊಡ್ಡ ಕಂಪನಿಗಳನ್ನು ಮೂರು ಸಲ ಕೊಂಡಿರುತ್ತಾರೆ. ಮಾಹಿತಿ ತಂತ್ರಜ್ಞಾನದಲ್ಲೇ ಉದ್ಯೋಗವೂ ಇದ್ದರೆ ಸಂಬಳ ಮತ್ತು ಉಳಿತಾಯ ಎರಡೂ ಒಂದೇ ಕ್ಷೇತ್ರದ ಏಳುಬೀಳಿಗೆ ಸಿಲುಕುತ್ತವೆ. ಈ ತೊಡಕನ್ನು ಬಹುಮಟ್ಟಿಗೆ ಬಿಡಿಸಿದ್ದು 2018ರ ಆರಂಭದಲ್ಲಿ ವ್ಯಾನ್‌ಗಾರ್ಡ್ ಸಂಸ್ಥೆ ಕೆನಡಾದಲ್ಲಿ ಹೊರತಂದ ಸಮಗ್ರ ನಿಧಿಗಳು. ಕೆನಡಾ, ಅಮೆರಿಕ, ಇತರ ಮುಂದುವರಿದ ದೇಶಗಳು, ಉದಯೋನ್ಮುಖ ದೇಶಗಳು ಹೀಗೆ ಜಗತ್ತಿನ ಸಾವಿರಾರು ಕಂಪನಿಗಳನ್ನು, ಬೇಕಾದಷ್ಟು ಸಾಲಪತ್ರಗಳ ಜೊತೆಗೆ, ಒಂದೇ ಯೂನಿಟ್‌ನೊಳಗೆ ಅಡಕಮಾಡಿ, ಪ್ರಮಾಣ ತಪ್ಪಿದಾಗ ತಾವೇ ಸರಿಪಡಿಸಿಕೊಳ್ಳುವ ನಿಧಿಗಳಿವು. ಶೇಕಡಾ 60 ಷೇರು, 40 ಸಾಲಪತ್ರ ಇರುವ ವಿಬಿಎಎಲ್, 80 ಮತ್ತು 20 ಇರುವ ವಿಜಿಆರ್‌ಒ ಮೊದಲು ಬಂದವು. 2019ರಲ್ಲಿ ಪೂರ್ತಿ ಷೇರುಗಳ ವಿಇಕ್ಯೂಟಿ, ಐಶೇರ್ಸ್‌ನ ಎಕ್ಸ್‌ಇಕ್ಯೂಟಿ ಬಂದವು. ಬಿಎಂಒ ಮೊದಲಾದ ಸಂಸ್ಥೆಗಳಲ್ಲೂ ಇದೇ ಬಗೆಯವು ಇವೆ. ಇವುಗಳ ನಡುವಿನ ಸಣ್ಣಪುಟ್ಟ ವ್ಯತ್ಯಾಸಗಳನ್ನು ಹಿಡಿದು ಗಂಟೆಗಟ್ಟಲೆ ನಡೆಯುವ ಚರ್ಚೆಗಳಿಂದ ಹೂಡಿಕೆದಾರರಿಗೆ ಆಗುವ ಲಾಭ ಅತ್ಯಲ್ಪ. ಯಾವ ಸಂಸ್ಥೆ ಎಂಬುದಕ್ಕಿಂತ ಷೇರು ಮತ್ತು ಸಾಲಪತ್ರಗಳ ಪ್ರಮಾಣ ಯಾವುದು ಎಂಬ ನಿರ್ಧಾರ ಹೆಚ್ಚು ಮುಖ್ಯ. 2008ರಲ್ಲಿ ಟೊರೊಂಟೊ ಮಾರುಕಟ್ಟೆ ಸುಮಾರು ಮೂರನೆಯ ಒಂದು ಭಾಗದಷ್ಟು ಕುಸಿದಿತ್ತೆಂಬುದನ್ನೂ, ನೆಮ್ಮದಿಯ ಆಸರೆ ಎಂದುಕೊಂಡಿದ್ದ ಸಾಲಪತ್ರ ನಿಧಿಗಳೇ ಬಡ್ಡಿ ದರ ಏರಿದ 2022ರಲ್ಲಿ ಶೇಕಡಾ 10ಕ್ಕಿಂತ ಹೆಚ್ಚು ಇಳಿದವೆಂಬುದನ್ನೂ ನೆನಪಿಟ್ಟುಕೊಂಡೇ ಆ ನಿರ್ಧಾರ ಮಾಡಬೇಕು.

ಈ ನಿಧಿಗಳಲ್ಲಿ ಕೆನಡಾದ ಪಾಲು ಸಾಮಾನ್ಯವಾಗಿ ಷೇರುಗಳ ಕಾಲು ಭಾಗದಿಂದ ಶೇಕಡಾ 30ರವರೆಗೆ ಇರುತ್ತದೆ. ಜಗತ್ತಿನ ಷೇರು ಮೌಲ್ಯದಲ್ಲಿ ಕೆನಡಾದ ಪಾಲು ಶೇಕಡಾ 3ರ ಸುಮಾರಿನಲ್ಲಿದ್ದು, ಇಲ್ಲಿನ ಮಾರುಕಟ್ಟೆಯ ಬಹುಭಾಗ ಬ್ಯಾಂಕು, ತೈಲ, ಗಣಿಗಳ ಕೈಯಲ್ಲಿರುವುದರಿಂದ ಇದು ಅತಿಯೆಂದು ಕೆಲವರು ವಾದಿಸುತ್ತಾರೆ. ಆದರೆ ಮುಂದಿನ ಖರ್ಚು ಕೆನಡಾದ ಡಾಲರಿನಲ್ಲೇ ಆಗುವಾಗ, ಸ್ಥಳೀಯ ಕಂಪನಿಗಳ ಲಾಭಾಂಶಕ್ಕೆ ತೆರಿಗೆ ರಿಯಾಯಿತಿಯೂ ಇರುವಾಗ ಈ ಒಲವು ಸಮರ್ಥನೀಯವಾದದ್ದೇ. ಕರೆನ್ಸಿಯ ಏರಿಳಿತದಿಂದ ರಕ್ಷಣೆ ಪಡೆದ ನಿಧಿ ಬೇಕೇ ಎಂಬ ಪ್ರಶ್ನೆಗೂ 2008ರಲ್ಲಿ ಉತ್ತರ ಸಿಕ್ಕಿತು: ಅಮೆರಿಕದ ಮಾರುಕಟ್ಟೆ ಅಲ್ಲಿನ ಡಾಲರಿನ ಲೆಕ್ಕದಲ್ಲಿ ಶೇಕಡಾ 37 ಕುಸಿದಾಗ, ಕೆನಡಾದ ಡಾಲರೂ ದುರ್ಬಲಗೊಂಡದ್ದರಿಂದ ಅಂಥ ರಕ್ಷಣೆ ಇಲ್ಲದವರ ನಷ್ಟ ಶೇಕಡಾ 21ರಷ್ಟಕ್ಕೇ ನಿಂತಿತು.

ಭಾರತದ ಷೇರುಗಳನ್ನಷ್ಟೇ ಹಿಡಿದ ಇಟಿಎಫ್‌ಗಳೂ ಟೊರೊಂಟೊದಲ್ಲಿ ದೊರೆಯುತ್ತವೆ, ಅವುಗಳ ಆಕರ್ಷಣೆ ಕನ್ನಡಿಗರಿಗೆ ಸಹಜವೂ ಹೌದು. ಆದರೆ ಅವುಗಳ ವೆಚ್ಚ ಸಮಗ್ರ ನಿಧಿಗಳದಕ್ಕಿಂತ ಹಲವು ಪಟ್ಟು ಹೆಚ್ಚು. ಸಮಗ್ರ ನಿಧಿಯ ಉದಯೋನ್ಮುಖ ದೇಶಗಳ ಭಾಗದಲ್ಲಿ ಭಾರತ ಹೇಗೂ ಇದ್ದೇ ಇದೆ. ಮೈಸೂರಿನಲ್ಲೊಂದು ಸೈಟು, ಬೆಂಗಳೂರಿನಲ್ಲೊಂದು ಫ್ಲ್ಯಾಟು ಇರುವ ಕುಟುಂಬಕ್ಕೆ ಭಾರತದ ಮೇಲಿನ ಹೂಡಿಕೆ ಕಡಿಮೆಯಾಗಿದೆ ಎನ್ನಲಾಗದು. ತಿಂಗಳು ತಿಂಗಳೂ ದೊಡ್ಡ ಮೊತ್ತ ಕೊಡುತ್ತೇವೆನ್ನುವ ಕವರ್ಡ್ ಕಾಲ್ ನಿಧಿಗಳು ಇನ್ನೊಂದು ಸೆಳೆತ. ಕೈಯಲ್ಲಿರುವ ಷೇರುಗಳನ್ನು ನಿಗದಿತ ಬೆಲೆಗೆ ಕೊಳ್ಳುವ ಹಕ್ಕನ್ನು ಬೇರೆಯವರಿಗೆ ಮಾರಿ ಹಣ ಪಡೆಯುವ ಈ ನಿಧಿಗಳು ಮಾರುಕಟ್ಟೆ ಏರಿದಾಗ ಆ ಏರಿಕೆಯ ಒಂದು ಪಾಲನ್ನು ಬಿಟ್ಟುಕೊಡುತ್ತವೆ, ಇಳಿದಾಗ ಹೆಚ್ಚುಕಡಿಮೆ ಪೂರ್ತಿ ಇಳಿಯುತ್ತವೆ. ಬಿಟ್‌ಕಾಯಿನ್ ಇಟಿಎಫ್ ಕೂಡ 2021ರಲ್ಲಿ ಟೊರೊಂಟೊದಲ್ಲೇ ಶುರುವಾಯಿತೆಂಬುದು ಹೆಮ್ಮೆಯ ಸಂಗತಿಯಾಗಿರಬಹುದು. ನಿವೃತ್ತಿಯ ಹಣಕ್ಕೆ ಅದು ತಕ್ಕ ಜಾಗವಲ್ಲ.

ಇನ್ನು ಮೊದಲನೆಯ ಪ್ರಶ್ನೆ: ಯಾವ ಖಾತೆಯಲ್ಲಿ? ಒಂದೇ ನಿಧಿ ಬೇರೆ ಬೇರೆ ಖಾತೆಗಳಲ್ಲಿ ಬೇರೆ ಬೇರೆ ಫಲ ಕೊಡುತ್ತದೆ. 2009ರಲ್ಲಿ ಆರಂಭವಾದ ಟಿಎಫ್‌ಎಸ್‌ಎ, ಅಂದರೆ ತೆರಿಗೆಮುಕ್ತ ಉಳಿತಾಯ ಖಾತೆಯಲ್ಲಿ, ಬೆಳೆದದ್ದಕ್ಕೂ ತೆರಿಗೆಯಿಲ್ಲ, ತೆಗೆದದ್ದಕ್ಕೂ ತೆರಿಗೆಯಿಲ್ಲ. 2024ರಿಂದ 2026ರವರೆಗೆ ವರ್ಷದ ಮಿತಿ 7,000 ಡಾಲರ್. ಈ ಮಿತಿ ವಲಸಿಗರಿಗೆ ಕೂಡಿಬರುವುದು ಕೆನಡಾದ ನಿವಾಸಿಯಾದ ವರ್ಷದಿಂದಲೇ ಹೊರತು 2009ರಿಂದಲ್ಲ. ಲಕ್ಷ ಡಾಲರ್ ಹಾಕಬಹುದಂತೆ ಎಂಬ ಮಾತು ಕೇಳಿ ಮಿತಿ ಮೀರಿ ತುಂಬಿದವರು ಹೆಚ್ಚುವರಿ ಮೊತ್ತದ ಮೇಲೆ ತಿಂಗಳಿಗೆ ಶೇಕಡಾ 1ರಂತೆ ದಂಡ ತೆರಬೇಕಾಗುತ್ತದೆ. ಆರ್‌ಆರ್‌ಎಸ್‌ಪಿ ಎಂಬ ನಿವೃತ್ತಿ ಖಾತೆಗೆ ಹಿಂದಿನ ವರ್ಷದ ದುಡಿಮೆಯ ಆದಾಯದ ಶೇಕಡಾ 18ರವರೆಗೆ, ಒಂದು ಗರಿಷ್ಠ ಮೊತ್ತದೊಳಗೆ, ಹಾಕಬಹುದು. ಹಾಕುವಾಗ ಆದಾಯದಿಂದ ಕಡಿತ ಸಿಗುತ್ತದೆ, ತೆಗೆಯುವಾಗ ತೆರಿಗೆ ಬೀಳುತ್ತದೆ. ಆದ್ದರಿಂದ ಈಗಿನ ಸಂಬಳ ದೊಡ್ಡದಾಗಿದ್ದವರಿಗೆ ಇದು ಅನುಕೂಲ, ಆಗತಾನೆ ಬಂದು ಸಣ್ಣ ಸಂಬಳದಲ್ಲಿರುವವರಿಗೆ ಟಿಎಫ್‌ಎಸ್‌ಎ ಮೇಲು.

ಖಾತೆಯ ವ್ಯತ್ಯಾಸ ವಿದೇಶಿ ತೆರಿಗೆಯಲ್ಲೂ ಕಾಣುತ್ತದೆ. ಅಮೆರಿಕದ ಕಂಪನಿಗಳು ಕೊಡುವ ಲಾಭಾಂಶಕ್ಕೆ ಆ ದೇಶ ಮೂಲದಲ್ಲೇ ಶೇಕಡಾ 15 ತೆರಿಗೆ ಹಿಡಿದುಕೊಳ್ಳುತ್ತದೆ. ಎರಡು ದೇಶಗಳ ತೆರಿಗೆ ಒಪ್ಪಂದದ ಪ್ರಕಾರ ಆರ್‌ಆರ್‌ಎಸ್‌ಪಿಯಲ್ಲಿ ನೇರವಾಗಿ ಅಮೆರಿಕದ ಪೇಟೆಯ ಇಟಿಎಫ್ ಇದ್ದರೆ ಆ ಕಡಿತವಿಲ್ಲ. ಟಿಎಫ್‌ಎಸ್‌ಎಗೆ ಆ ವಿನಾಯಿತಿ ಇಲ್ಲ, ಟೊರೊಂಟೊದಲ್ಲಿ ಕೊಂಡ ಅಮೆರಿಕದ ಷೇರುಗಳ ನಿಧಿಗೆ ಯಾವ ಖಾತೆಯಲ್ಲೂ ಇಲ್ಲ. ಲಾಭಾಂಶ ಶೇಕಡಾ 1.5ರಷ್ಟಿದ್ದರೆ ಈ ನಷ್ಟ ಶೇಕಡಾ 0.2ಕ್ಕಿಂತ ತುಸು ಹೆಚ್ಚು, ಅಂದರೆ ಸಮಗ್ರ ನಿಧಿಯ ವೆಚ್ಚದಷ್ಟೇ. ಅದನ್ನು ತಪ್ಪಿಸಲು ಹೊರಟು ಡಾಲರ್ ಬದಲಾವಣೆಗೆ ಬ್ರೋಕರೇಜ್‌ಗೆ ಶೇಕಡಾ ಒಂದೂವರೆ ತೆತ್ತರೆ ಹಲವು ವರ್ಷಗಳ ಉಳಿತಾಯ ಒಂದೇ ದಿನದಲ್ಲಿ ಹೋಗುತ್ತದೆ. ದೊಡ್ಡ ಮೊತ್ತವಿದ್ದು ಲೆಕ್ಕದ ತಾಳ್ಮೆಯೂ ಇದ್ದವರಿಗಷ್ಟೇ ಈ ದಾರಿ.

ಈ ಖಾತೆಗಳ ಹೊರಗೆ ಹೂಡಿದವರು ಪ್ರತಿ ಖರೀದಿಯ ಸರಾಸರಿ ಬೆಲೆಯನ್ನು ತಾವೇ ಬರೆದಿಟ್ಟುಕೊಳ್ಳಬೇಕು, ಏಕೆಂದರೆ ಬಂಡವಾಳ ಲಾಭದ ಅರ್ಧದಷ್ಟನ್ನು ಆದಾಯಕ್ಕೆ ಸೇರಿಸುವ ಲೆಕ್ಕ ಆ ಬೆಲೆಯನ್ನೇ ಅವಲಂಬಿಸಿದೆ. ಭಾರತದಲ್ಲಿ ಆಸ್ತಿಯುಳ್ಳವರಿಗೆ ಇನ್ನೊಂದು ನಿಯಮವಿದೆ. ವಿದೇಶಿ ಆಸ್ತಿಯ ಒಟ್ಟು ಕೊಂಡ ಬೆಲೆ ವರ್ಷದ ಯಾವುದೇ ಸಮಯದಲ್ಲಿ 1 ಲಕ್ಷ ಕೆನಡಾ ಡಾಲರ್ ಮೀರಿದರೆ ಟಿ1135 ನಮೂನೆ ಸಲ್ಲಿಸಬೇಕು. ಬಾಡಿಗೆಗೆ ಕೊಟ್ಟ ಮನೆ, ಅನಿವಾಸಿ ಭಾರತೀಯರ ಎನ್‌ಆರ್‌ಇ ಠೇವಣಿ, ಭಾರತದ ಮ್ಯೂಚುವಲ್ ಫಂಡ್ ಎಲ್ಲವೂ ಇದರಲ್ಲಿ ಸೇರುತ್ತವೆ. ಎನ್‌ಆರ್‌ಇ ಬಡ್ಡಿಗೆ ಭಾರತದಲ್ಲಿ ತೆರಿಗೆಯಿಲ್ಲದಿದ್ದರೂ ಕೆನಡಾದ ನಿವಾಸಿಗೆ ಇಲ್ಲಿ ತೆರಿಗೆ ಇದೆ. ಅಮೆರಿಕದ ಪೇಟೆಯ ಇಟಿಎಫ್‌ಗಳು ಸಾಮಾನ್ಯ ಖಾತೆಯಲ್ಲಿದ್ದರೆ ಅವೂ ವಿದೇಶಿ ಆಸ್ತಿಯೇ. ಕೆನಡಾದಲ್ಲಿ ಸ್ಥಾಪಿತವಾದ ಇಟಿಎಫ್, ಒಳಗೆ ಜಗತ್ತನ್ನೇ ಹಿಡಿದಿದ್ದರೂ, ಈ ಲೆಕ್ಕಕ್ಕೆ ಬರುವುದಿಲ್ಲ. ಊರಿಗೆ ಮರಳುವ ಯೋಚನೆಯಿರುವವರಿಗೆ ಇನ್ನೆರಡು ಮಾತು: ಕೆನಡಾದ ನಿವಾಸ ಬಿಟ್ಟ ದಿನ ಸಾಮಾನ್ಯ ಖಾತೆಯ ಇಟಿಎಫ್‌ಗಳನ್ನು ಮಾರಿದಂತೆಯೇ ಭಾವಿಸಿ ತೆರಿಗೆ ಹಾಕಲಾಗುತ್ತದೆ, ಮತ್ತು ಭಾರತದ ತೆರಿಗೆ ಕಾನೂನಿನಲ್ಲಿ ಟಿಎಫ್‌ಎಸ್‌ಎಗೆ ಪ್ರತ್ಯೇಕ ವಿನಾಯಿತಿ ಇಲ್ಲ.

ಕೊಳ್ಳುವ ವಿಧಾನದ ಬಗ್ಗೆ ಹೇಳಬೇಕಾದದ್ದು ಕಡಿಮೆ. ಪೇಟೆ ತೆರೆಯುವ ಮತ್ತು ಮುಚ್ಚುವ ಹೊತ್ತಿನ ಗದ್ದಲವನ್ನು ಬಿಟ್ಟು, ಗರಿಷ್ಠ ಬೆಲೆಯನ್ನು ನಮೂದಿಸಿ, ಸಂಬಳ ಬಂದಾಗಲೆಲ್ಲ ಅಷ್ಟಿಷ್ಟು ಕೊಳ್ಳುತ್ತ ಹೋದರೆ ಸಾಕು. ಈ ಶಿಸ್ತು ಕನ್ನಡನಾಡಿಗೆ ಹೊಸದಲ್ಲ: ಉಡುಪಿಯಲ್ಲಿ ಹುಟ್ಟಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲೇ ಪಿಗ್ಮಿ ಠೇವಣಿಯನ್ನು ಆರಂಭಿಸಿ, ಮನೆಬಾಗಿಲಿಗೆ ಏಜೆಂಟರನ್ನು ಕಳಿಸಿ, ಆಣೆಗಳ ಲೆಕ್ಕದಲ್ಲಿ ದಿನದ ಉಳಿತಾಯವನ್ನು ಸಂಗ್ರಹಿಸಿತ್ತು. ಪೇಟೆ ಇಳಿಯಲೆಂದು ಕಾದು ಕೂರುವ ಜಾಣರಿಗಿಂತ ಆ ಕ್ರಮದಲ್ಲಿ ಕೂಡಿಟ್ಟ ಸಣ್ಣ ವ್ಯಾಪಾರಿಗಳು ಹೂಡಿಕೆಯನ್ನು ಚೆನ್ನಾಗಿ ಅರಿತಿದ್ದರು.

ಪ್ರತಿ ಕುಟುಂಬದ ಸ್ಥಿತಿಯೂ ಬೇರೆಯಾಗಿರುವುದರಿಂದ ಇಲ್ಲಿನ ಮಾತುಗಳು ವೈಯಕ್ತಿಕ ಸಲಹೆಯ ಸ್ಥಾನ ಪಡೆಯಲಾರವು; ತೆರಿಗೆಯ ತೊಡಕುಗಳಿದ್ದವರು ಲೆಕ್ಕಪರಿಶೋಧಕರನ್ನು ಕಾಣುವುದು ಒಳಿತು. ಆದರೆ ವರ್ಷಾಂತ್ಯಕ್ಕೆ ಮುನ್ನ ಎಲ್ಲರೂ ಮಾಡಬಹುದಾದ ಕೆಲಸಗಳಿವೆ. ಈಗಿರುವ ನಿಧಿಗಳ ಎಂಇಆರ್ ಎಷ್ಟೆಂದು ಸದಸ್ಯರು ನೋಡಿಕೊಳ್ಳಲಿ. ಮಕ್ಕಳಿರುವವರು ಶಿಕ್ಷಣ ಉಳಿತಾಯದ ಆರ್‌ಇಎಸ್‌ಪಿಗೆ 2,500 ಡಾಲರ್ ಹಾಕಿ ಸರ್ಕಾರ ಸೇರಿಸುವ 500 ಡಾಲರನ್ನು ಪಡೆಯಲಿ. ಈ ವರ್ಷ ಮತ್ತು ಹಿಂದಿನ ನಾಲ್ಕು ವರ್ಷಗಳಲ್ಲಿ, ಕೆನಡಾದಲ್ಲಾಗಲಿ ಹೊರಗಾಗಲಿ, ತಮ್ಮ ಅಥವಾ ಸಂಗಾತಿಯ ಸ್ವಂತ ಮನೆಯಲ್ಲಿ ವಾಸಿಸದವರು ಮೊದಲ ಮನೆಯ ಎಫ್‌ಎಚ್‌ಎಸ್‌ಎ ಖಾತೆಯನ್ನು ಹಣವಿಲ್ಲದಿದ್ದರೂ ಡಿಸೆಂಬರ್ 31ರೊಳಗೆ ತೆರೆದಿಡಲಿ, ಏಕೆಂದರೆ ವರ್ಷಕ್ಕೆ 8,000 ಡಾಲರಿನ ಅದರ ಮಿತಿ ಲೆಕ್ಕಕ್ಕೆ ಬರುವುದು ಖಾತೆ ತೆರೆದ ವರ್ಷದಿಂದ ಮಾತ್ರ.